ಎರಡನೇ ಚರಣ

ಹಾಡಿನ ಎರಡನೇ ಚರಣಕ್ಕೆ ಹಿಸಾಯೊ ಉಸಿರೆಳೆದುಕೊಳ್ಳುವಷ್ಟರಲ್ಲಿ ಅವಳ ತಮ್ಮ ಕುನಿಹಿಕೊ ಎದ್ದು ಕರಾವೊಕೆ ಯಂತ್ರದ ಸದ್ದು ತಗ್ಗಿಸಿದ. “ಅಕ್ಕ, ಇದೊಂದು ಬೇಡ. ಬೇರೆ ಯಾವುದಾದ್ರೂ ಹಾಡು.”

“ಯಾಕೋ, ನಿಮ್ಮ ಹಳೇ ಕಂಪನಿ ಹುಡುಗರದ್ದೇ ಅಲ್ವಾ?” ಎಂದು ಹಿಸಾಯೊ ನಕ್ಕಳು. ವರ್ಷಗಳ ಹಿಂದೆ, ತಮ್ಮನಿಗೆ ಹದಿಮೂರಾಗಿದ್ದಾಗ, ಹುಡುಗರನ್ನು ಹಾಡು-ಕುಣಿತದ ತಾರೆಗಳಾಗಿ ಬೆಳೆಸುವ ಟೋಕಿಯೊದ ಆ ಕಂಪನಿಗೆ ಅವನ ಫೋಟೊ ಕಳಿಸಿದ್ದು ಅವಳೇ. ವೇದಿಕೆಯಲ್ಲಿ ತಾರೆಗಳ ಹಿಂದೆ ಒಂದು ವರ್ಷ ಕುಣಿದು, ಕಾರಣ ಹೇಳದೆ ಅವನು ತಮ್ಮೂರು ಸೆಂದೈಗೆ ಮರಳಿದ್ದ. ಅವಳ ಗಂಡ ತೆತ್ಸುರೊ ಕರಿದ ಕೋಳಿ ತಿನ್ನುತ್ತ, “ಕಂಪನಿ ಯಜಮಾನ್ರಿಗೆ ಇವನಂದ್ರೆ ಪ್ರಾಣವಾಗಿತ್ತಂತೆ. ಮನೆಗೇ ಕರ್ಕೊಂಡು ಹೋಗಿ ಊಟ ಹಾಕ್ತಿದ್ರಂತಲ್ಲ,” ಎಂದು ಕಣ್ಣು ಮಿಟುಕಿಸಿದ.

“ಹೌದು ಭಾವ,” ಎಂದ ಕುನಿಹಿಕೊ. “ಊಟ ಹಾಕಿ ತನ್ನ ಹಾಸಿಗೇಲೇ ಮಲಗಿಸ್ಕೊಳ್ತಿದ್ದ. ಅಲ್ಲೇ ಪಕ್ಕದ ಕೋಣೇಲಿ ಮಲಗ್ತಿದ್ದ ಕಂಪನಿ ಹುಡುಗರು ನನ್ನ ಅಳು ಕೇಳಿಸದಿರಲಿ ಅಂತ ಇದೇ ಹಾಡನ್ನ ಜೋರಾಗಿ ಹಾಕ್ಕೊಳ್ತಿದ್ರು.”

ಪರದೆಯ ಮೇಲೆ ಸಾಲುಗಳು ಹರಿಯುತ್ತಲೇ ಇದ್ದವು. ಹೆದರಬೇಡ, ಹತ್ತಿರ ಬಾ ಎನ್ನುವ ಸಾಲು. ಇಷ್ಟು ವರ್ಷ ಅಡುಗೆಮನೆಯಲ್ಲಿ ಗುನುಗಿದ್ದು ಈಗಲೂ ತಾನಾಗಿಯೇ ಹಿಸಾಯೊಳ ನಾಲಿಗೆಗೆ ಬಂದಿತ್ತು. ಕರವಸ್ತ್ರದಿಂದ ತುಟಿಗಳನ್ನು ಗಟ್ಟಿಯಾಗಿ ಉಜ್ಜಿಕೊಂಡಳು.

“ಹಳೇ ಕಥೆ ಬಿಡಪ್ಪ, ಆ ಯಜಮಾನನೂ ಸತ್ತ. ಹಾಡೇನು ಪಾಪ ಮಾಡಿತ್ತು?” ಎನ್ನುತ್ತ ತೆತ್ಸುರೊ ಎಣ್ಣೆಗೈಯಲ್ಲೇ ಮೈಕಿಗೆ ಕೈಚಾಚಿದ. ಆ ಬೆರಳುಗಳನ್ನು ಕಂಡು ಅವಳಿಗೆ ಹೇಸಿಗೆಯಾಯಿತು. ಮೈಕು ಕೊಡದೆ ಯಂತ್ರವನ್ನು ಆರಿಸಿದಳು.

“ನೀನು ಕೂತ್ಕೊ, ಕುನಿ,” ಎಂದಳು. ಆಮೇಲೆ ಗಂಡನತ್ತ ತಿರುಗಿದಳು. “ನೀವು ಎದ್ದು ಹೊರಗೆ ನಡೀರಿ.”