ಸಾಕ್ಷಿಯ ಹಾಳೆ

"ಪೂರ್ತಿ ಹೆಸರು?" ಪೆನ್ನು ಎತ್ತಿಕೊಂಡು ನೋಂದಣಿ ಅಧಿಕಾರಿ ಕೇಳಿದ. ಕೇಳಿದ್ದು ಮತದಾರರ ಪಟ್ಟಿಗೆ ಸೇರಲು ಬಂದಿದ್ದ ಲವಿನಿಯಾಳನ್ನಲ್ಲ, ಅವಳ ಪಕ್ಕದಲ್ಲಿ ಹ್ಯಾಟು ಹಿಡಿದು ನಿಂತಿದ್ದ ಟಾಲ್ಬರ್ಟನನ್ನು.

"ವೀನಿ," ಎಂದ ಟಾಲ್ಬರ್ಟ್, ಒಂದಿಷ್ಟೂ ತಡಮಾಡದೆ.

"ಅದು ನೀವು ಕರೆಯೋ ಹೆಸರು. ಕಾಗದಕ್ಕೆ ಪೂರ್ತಿ ಹೆಸರು ಬೇಕು."

ಟಾಲ್ಬರ್ಟ್ ಹ್ಯಾಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. ಅಮೆರಿಕದ ಅಲಬಾಮದ ಆ ಜಿಲ್ಲೆಯಲ್ಲಿ ಆ ಕಾಲಕ್ಕೆ ಓಟಿನ ಹಕ್ಕು ಬೇಕೆಂದರೆ, ಆಗಲೇ ಪಟ್ಟಿಯಲ್ಲಿರುವ ಒಬ್ಬರು ಖುದ್ದಾಗಿ ಬಂದು 'ಇವರನ್ನು ನಾನು ಬಲ್ಲೆ' ಎಂದು ಸಾಕ್ಷಿ ಹೇಳಬೇಕಿತ್ತು. ಪಟ್ಟಿಯಲ್ಲಿ ಕಪ್ಪು ಜನ ಒಬ್ಬರೂ ಇರಲಿಲ್ಲ. ಅಂದಮೇಲೆ ಸಾಕ್ಷಿಗೂ ಬಿಳಿಯರನ್ನೇ ಬೇಡಬೇಕು. ಎರಡು ವರ್ಷ ಲವಿನಿಯಾ ಊರಿನ ದೊಡ್ಡ ಮನುಷ್ಯರ ಹಿತ್ತಿಲ ಬಾಗಿಲುಗಳನ್ನೆಲ್ಲ ತಟ್ಟಿ ಬರಿಗೈಯಲ್ಲಿ ಬಂದಿದ್ದಳು. ಕೊನೆಗೆ, ತಾನು ಇಪ್ಪತ್ತಾರು ವರ್ಷದಿಂದ ಅಡಿಗೆ ಮಾಡುತ್ತಿದ್ದ ಮನೆಯ ಯಜಮಾನ, ಔಷಧಿ ಅಂಗಡಿಯ ಈ ಟಾಲ್ಬರ್ಟನೇ "ಆಗ್ಲಿ, ನಾನೇ ಬರ್ತೀನಿ ನಡಿ" ಎಂದಿದ್ದ. ಒಳ್ಳೆಯ ಮನುಷ್ಯ. ಸುದ್ದಿ ಹಬ್ಬಿದರೆ ಅರ್ಧ ಊರು ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲವೆಂದು ಗೊತ್ತಿದ್ದೂ ಬಂದಿದ್ದ. ಇಲ್ಲದ್ದು ಹೇಳಬಾರದು, ಅದಕ್ಕೆ ಎದೆಗಾರಿಕೆ ಬೇಕು.

ಈಗ ಆ ಒಳ್ಳೆಯ ಮನುಷ್ಯನ ಹಣೆ ಬೆವರುತ್ತಿತ್ತು. ಅವನ ಯಾವ ಹಲ್ಲು ತಣ್ಣನೆಯ ನೀರಿಗೆ ಜುಮ್ಮೆನ್ನುತ್ತದೆ, ಯಾರ ಮೇಲಿನ ಸಿಟ್ಟಿಗೆ ಅವನು ತಟ್ಟೆ ಬಿಟ್ಟು ಏಳುತ್ತಾನೆ, ಎಲ್ಲವೂ ಅವಳಿಗೆ ಗೊತ್ತು. ಅವಳ ಮನೆತನದ ಹೆಸರೇನೆಂದು ಅವನಿಗೆ ಗೊತ್ತಿಲ್ಲ. ಕೇಳಬೇಕೆಂದು ಇಷ್ಟು ವರ್ಷದಲ್ಲಿ ಒಂದು ದಿನವೂ ಅನ್ನಿಸಿರಲಿಲ್ಲ.

"ಏನೇ ವೀನಿ, ನಿನ್ನ..." ಎಂದು ಅವಳತ್ತ ತಿರುಗಿದ.

"ಅವಳು ಬಾಯಿ ಬಿಡೋ ಹಾಗಿಲ್ಲ. ಹೇಳ್ಬೇಕಾದೋರು ನೀವು," ಎಂದ ಅಧಿಕಾರಿ. ಅವನಿಗೆ ಮೋಜೆನಿಸತೊಡಗಿತ್ತು.

ಲವಿನಿಯಾಳಿಗೆ ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಯಿತು. ತಪ್ಪು ಅವನದು, ನಾಚಿಕೆ ತನಗೇಕೆ ಎಂದುಕೊಂಡರೂ ಮುಖ ಬಿಸಿಯಾಗುವುದು ನಿಲ್ಲಲಿಲ್ಲ.

"ಅಯ್ಯೋ, ಟಾಲ್ಬರ್ಟ್ ಅಂತಲೇ ಬರ್ಕೊಳ್ರೀ," ಎಂದ ಟಾಲ್ಬರ್ಟ್, ದಾರಿ ಸಿಕ್ಕವನಂತೆ. "ದಿನಸಿ ಅಂಗಡೀಲಿ, ಮಾಂಸದಂಗಡೀಲಿ ಎಲ್ಲಾ ಕಡೆ ಅವಳು ಟಾಲ್ಬರ್ಟರ ವೀನಿ ತಾನೇ? ನಮ್ಮ ಮನೆಯವಳೇ ಅಂದ್ಕೊಳ್ಳಿ."

ಅಧಿಕಾರಿ ನಕ್ಕು ಬರೆದುಕೊಂಡ. "ನಿಮ್ಮ ಮುಖ ನೋಡಿ ಮಾಡ್ತಿದೀನಿ. ನಮ್ಮ ತಾಯಿ ಕಾಯಿಲೆ ಬಿದ್ದಾಗ ಭಾನುವಾರಾನೂ ಅಂಗಡಿ ತೆಗೆದೋರು ನೀವು. ಇವಳಿಗೆ ಸಂವಿಧಾನದ ಪ್ರಶ್ನೆ ಗಿಶ್ನೆ ಏನೂ ಬೇಡ, ಬಿಡಿ." ಆಮೇಲೆ ಹಾಳೆ ತಿರುಗಿಸಿ ಲವಿನಿಯಾಳ ಮುಂದೆ ತಳ್ಳಿದ. "ಬಾರೇ ಇಲ್ಲಿ. ಮೇಲಿರೋ ಹೆಸರನ್ನೇ ಕೆಳಗೆ ಬರಿ, ಪಟ್ಟಿಗೆ ಸೇರಿದ ಹಾಗೇ. ಒಂದಕ್ಷರ ಚಿತ್ತುಕಾಟು ಆದ್ರೂ ರದ್ದು. ತಿಳೀತಾ?"

ತಿಳಿಯದೆ ಏನು. ಚಿತ್ತುಕಾಟೆಂದು ಅವಳ ಚರ್ಚಿನ ಮೇಷ್ಟ್ರನ್ನೇ ಇಲ್ಲಿಂದ ಮೂರು ಸಲ ವಾಪಸು ಕಳಿಸಿದ್ದರು. ಒಂದು ರುಜು ಹಾಕಿದರೆ ಜಿಲ್ಲೆಯ ಕಪ್ಪು ಜನರಲ್ಲೇ ಮೊದಲ ಓಟು ಅವಳದಾಗುತ್ತದೆ. ಇಲ್ಲಿ ಪರೀಕ್ಷೆ ಮಾಡುತ್ತಾರೆಂದು ಒಲೆಯ ಮುಂದೆ ನಿಂತು ಎರಡು ವರ್ಷ ಬಾಯಿಪಾಠ ಮಾಡಿದ ಸಂವಿಧಾನದ ಕಲಮುಗಳು ನಾಲಿಗೆಯ ತುದಿಯಲ್ಲಿದ್ದವು. ಅವೂ ಬೇಕಿಲ್ಲವಂತೆ. ಅವಳು ಪೆನ್ನು ಹಿಡಿದು ಬಾಗಿದಳು. 'ವೀನಿ ಟಾಲ್ಬರ್ಟ್' ಎಂಬ ಅಕ್ಷರಗಳ ಮಸಿ ಇನ್ನೂ ಆರಿರಲಿಲ್ಲ.

ಅವಳ ಗಂಡನ ಅಜ್ಜ ಗುಲಾಮಗಿರಿಯಿಂದ ಬಿಡುಗಡೆಯಾದ ವಾರವೇ ಒಡೆಯನ ಹೆಸರನ್ನು ಅವನ ಹೊಲದಲ್ಲೇ ಬಿಟ್ಟು, ತಾನೇ ಆರಿಸಿಕೊಂಡ ಹೆಸರಿನೊಡನೆ ಹೊರಟು ಬಂದಿದ್ದ. ಓದು ಬಾರದವನು ಆ ಒಂದು ಹೆಸರನ್ನು ಬರೆಯಲು ಮಾತ್ರ ಕಲಿತಿದ್ದ. ಮರ ಕೊಯ್ಯುವ ಕಾರ್ಖಾನೆಯಲ್ಲಿ ಸತ್ತ ಅವಳ ಗಂಡನ ಸಮಾಧಿಯ ಕಲ್ಲಿನ ಮೇಲಿರುವುದೂ ಅದೇ. ಓಟಿನ ಆಸೆಯೂ ಲವಿನಿಯಾಳಿಗೆ ಕಡಿಮೆ ಇರಲಿಲ್ಲ.

ಅವಳು ಟಾಲ್ಬರ್ಟನ ಹೆಸರಿನ ಮೇಲೆ ನೆಟ್ಟಗೆ ಒಂದು ಗೀಟು ಎಳೆದಳು. ಅದರ ಕೆಳಗೆ ನಿಧಾನವಾಗಿ, ದುಂಡಗೆ ಬರೆದಳು: ಶ್ರೀಮತಿ ಲವಿನಿಯಾ ಗೇಥರ್.

"ರದ್ದು," ಎಂದ ಅಧಿಕಾರಿ. ಹಾಳೆಯನ್ನು ಎರಡಾಗಿ ಹರಿದು ಬುಟ್ಟಿಗೆ ಹಾಕಿ, ಮುಂದಿನವರನ್ನು ಕರೆದ.

ಆ ಕಚೇರಿಯಿದ್ದ ಕೋರ್ಟಿನ ಮೆಟ್ಟಿಲಿಳಿಯುವವರೆಗೆ ಟಾಲ್ಬರ್ಟ್ ಹೇಗೋ ತಡೆದುಕೊಂಡ. ಇಳಿದ ಮೇಲೆ ಆಗಲಿಲ್ಲ. "ಕೈಗೆ ಬಂದಿದ್ದನ್ನ ಕಳ್ಕೊಂಡ್ಯಲ್ಲೇ! ಊರಿನೋರ ಕಣ್ಣು ಕೆಂಪಾದ್ರೂ ಆಗ್ಲಿ ಅಂತ ನಿನಗೋಸ್ಕರ ಬಂದೆ ನಾನು. ನನ್ನ ಹೆಸರು ಅಷ್ಟು ಕೆಟ್ಟದ್ದಾ? ಯಾವ ಹೆಸರಲ್ಲಿ ಹಾಕಿದ್ರೇನು, ಓಟು ಓಟೇ ಅಲ್ವಾ?"

ಅವನ ಕಣ್ಣಲ್ಲಿ ನಿಜವಾಗಿಯೂ ನೋವಿತ್ತು. ಲವಿನಿಯಾಳಿಗೆ ಅದು ಕಂಡಿತು, ಮರುಕವೂ ಆಯಿತು.

"ಕೆಟ್ಟದ್ದಲ್ಲ ಸಾಹೇಬ್ರೇ," ಎಂದಳು. "ಆ ಹೆಸರಲ್ಲಿ ನೀವು, ಅಮ್ಮಾವ್ರು, ನಿಮ್ಮ ಮಗ ಸೇರಿ ಆಗ್ಲೇ ಮೂರು ಓಟು ಹಾಕ್ತಿದೀರಿ. ನಾಲ್ಕನೇದು ಹಾಕೋಕೆ ನಾನು ಬಂದಿರ್ಲಿಲ್ಲ. ಗೇಥರ್ ಹೆಸರಲ್ಲಿ ಇನ್ನೂ ಮೊದಲನೇದೇ ಬಿದ್ದಿಲ್ಲ."