ಕೇಬಲ್ಲುಗಳ ಕೊಟ್ಟಿಗೆ

ನಿಮಿಷ ಮೇಡಂ ರ‍್ಯಾಕಿನ ಬಾಗಿಲು ತೆರೆದು, ಒಳಗಿನ ಕೇಬಲ್ಲುಗಳ ಗೋಜಲು ನೋಡಿ ಮತ್ತೆ ಮುಚ್ಚಿದಾಗಲೇ ದಾಮೋದರನ್‌ಗೆ ತನ್ನ ಕೆಲಸಕ್ಕೆ ಸಂಚಕಾರ ಬಂದಿದೆ ಎಂದು ಗೊತ್ತಾಯಿತು.

ಕರ್ನಾಟಕದ ಗಡಿಯಾಚೆಯ ನೂಲ್ಪುಳದ ಆ ಹಾಲಿನ ಸಂಘದಲ್ಲಿ ಕಂಪ್ಯೂಟರು, ಸ್ವಿಚ್ಚು, ರೂಟರು ಎಲ್ಲಕ್ಕೂ ಅವನೊಬ್ಬನೇ ದಿಕ್ಕು. ಯಾವ ಕೇಬಲ್ ಎಲ್ಲಿಂದ ಹೊರಟು ಎಲ್ಲಿ ಸೇರುತ್ತದೆ ಎನ್ನುವುದು ಅವನ ತಲೆಯಲ್ಲಿ ಮಾತ್ರ ಇತ್ತು. ಆ ತಲೆಯೇನೂ ಅಷ್ಟು ನೆಚ್ಚುವಂಥದ್ದಲ್ಲ. ಛತ್ರಿಯನ್ನು ಬಸ್ಸಿನಲ್ಲೇ ಬಿಟ್ಟು ಬರುವುದು ಅವನ ವಾಡಿಕೆ.

“ದಾಮೋದರೇಟ್ಟಾ, ಎಲ್ಲವನ್ನೂ ಬರೆದಿಡಿ. ಪ್ರತಿ ಕೇಬಲ್ಲಿಗೂ ಚೀಟಿ ಅಂಟಿಸಿ. ನೀವಿಲ್ಲದಿದ್ದರೂ ಕೆಲಸ ನಡೆಯಬೇಕು,” ಎಂದರು ಕಲ್ಪೆಟ್ಟದ ಮುಖ್ಯ ಕಚೇರಿಯಿಂದ ಬಂದಿದ್ದ ನಿಮಿಷ, ಅಣ್ಣನನ್ನು ಏಟ್ಟ ಎನ್ನುವ ಮಲಯಾಳದಲ್ಲಿ. “ನಿಮ್ಮ ಕನ್ನಡದಲ್ಲೇ ಬರೆದರೂ ಸರಿ. ಲೀಲಳಿಗೆ ತಿಳಿದರೆ ಸಾಕು.”

ನೀವಿಲ್ಲದಿದ್ದರೂ! ಅಂದರೆ ತನ್ನ ಜಾಗಕ್ಕೆ ಲೀಲಳನ್ನು ಕೂರಿಸುತ್ತಾರೆ ಎಂದು ದಾಮೋದರನ್ ಲೆಕ್ಕ ಹಾಕಿದ. ಹಾಲು ಅಳೆಯುವ ಲೀಲಳ ಸಂಬಳ ಅವನದಕ್ಕಿಂತ ಎಷ್ಟೋ ಕಡಿಮೆ. ಹೆಂಡತಿ ಪದ್ಮಾಕ್ಷಿ ಕಲ್ಪೆಟ್ಟದಲ್ಲಿ ನರ್ಸು. ಮಗಳೂ ಅವಳ ಜೊತೆಗೇ. ಅಲ್ಲಿಗೆ ವರ್ಗ ಮಾಡಿ ಎಂದು ಅರ್ಜಿ ಹಾಕಿ ಹಾಕಿ ಸಾಕಾಗಿತ್ತು. ಈಗ ಇರುವ ಕೆಲಸವೂ ಹೋದರೆ ಅವರಿಬ್ಬರಿಗೆ ಯಾವ ಮುಖ ತೋರಿಸುವುದು?

ಆ ಭಾನುವಾರ ಅವನು ಕೇಬಲ್ಲುಗಳನ್ನು ಬಿಟ್ಟು ಕಲ್ಪೆಟ್ಟದ ಮನೆಗೂ ಹೋಗಲಿಲ್ಲ.

“ನಾನೂ ಒಂದು ಕೇಬಲ್ ಸುತ್ಕಂಡು ನಿಂತ್ರೆ ನೀವು ನೋಡ್ತೀರೇನೋ,” ಎಂದು ಪದ್ಮಾಕ್ಷಿ ಫೋನಿನಲ್ಲಿ ಗದರಿದಳು.

ಫೋನ್ ಇಟ್ಟಮೇಲೆ ಅವನಿಗೊಂದು ಉಪಾಯ ಹೊಳೆಯಿತು. ಕರ್ನಾಟಕದ ಕಡೆಯಿಂದ ಬಂದಿದ್ದ ಅಜ್ಜ ಅವನಿಗೆ ಕನ್ನಡ ಅಕ್ಷರ ಕಲಿಸಿದ್ದರು. ಲೀಲ ಮನೆಯಲ್ಲಿ ಆಡುವುದು ಕನ್ನಡವೇ, ಆದರೆ ಕಲಿತದ್ದು ಮಲಯಾಳದ ಶಾಲೆಯಲ್ಲಿ. ಕನ್ನಡದ ಒಂದಕ್ಷರವೂ ಓದಲು ಬಾರದು. ಮಾತು ಬಂದರೆ ಅಕ್ಷರವೂ ಬರುತ್ತದೆ ಎಂದುಕೊಂಡಿದ್ದಾರೆ ಮೇಡಂ, ಪಾಪ.

ದಾಮೋದರನ್ ಎಲ್ಲವನ್ನೂ ಕನ್ನಡದಲ್ಲೇ ಬರೆದ. ಅದೂ ಸಾಲದೆಂದು ಅಜ್ಜನ ಹಸುಗಳ ಹೆಸರಿಟ್ಟ. ಹಾಲಿನ ಕೊಬ್ಬು ಅಳೆಯುವ ಯಂತ್ರದ ಕೇಬಲ್ ಕೆಂಚಿ. ಪ್ರಿಂಟರಿನದು ಬೋರಿ. ಆಗಾಗ ಕೈಕೊಡುವ ಕ್ಯಾಮೆರಾದ್ದು, ಹಾಯುವ ಗೌರಿ. ಇಂಥ ಬುದ್ಧಿ ಶಾಲೆಯ ಪರೀಕ್ಷೆಗಳಲ್ಲಿ ಎಲ್ಲಿ ಅಡಗಿತ್ತೋ ಎಂದು ತನ್ನನ್ನೇ ಛೇಡಿಸಿಕೊಂಡ.

ಸೋಮವಾರ ಬೆಳಿಗ್ಗೆ ಕ್ಯಾನುಗಳ ಸಾಲು ಅಂಗಳ ದಾಟಿತ್ತು. ನಿಮಿಷ ಬಂದವರೇ ರ‍್ಯಾಕಿನಿಂದ ಎರಡು ಕೇಬಲ್ ಕಿತ್ತರು. ಯಂತ್ರ ನಿಂತಿತು.

“ಲೀಲ, ಇವರು ಬರೆದದ್ದು ನೋಡಿಕೊಂಡು ನೀನೇ ಸರಿಮಾಡು.”

ಲೀಲ ಹಾಳೆಯನ್ನು ಹೀಗೆ ಹಿಡಿದಳು, ಹಾಗೆ ಹಿಡಿದಳು. “ಅಣ್ಣಾ, ಈ ಅಕ್ಷರ ನಂಗೆ ಅರಿಯಿಲ್ಲ,” ಎಂದು ಪಿಸುಗುಟ್ಟಿದಳು. “ಒಂದ್ಸಲ ಓದಿ ಹೇಳಿ. ಹೊರಗೆ ಹಾಲು ಕೆಡ್ತದೆ.”

“ಎಲ್ಲಾ ಅದ್ರಲ್ಲೇ ಬರ್ದದೆ ಕಣಮ್ಮ,” ಎಂದ ದಾಮೋದರನ್, ಚಾವಣಿ ನೋಡುತ್ತ.

ಅವಳ ಕಣ್ಣು ತುಂಬಿದ್ದು ಕಂಡು ಅವನಿಗೆ ನಾಚಿಕೆಯಾಯಿತು. ಆದರೂ ಹಾಳೆಯತ್ತ ಕೈ ಚಾಚಲಿಲ್ಲ.

“ಹಾಲು ತಂದದ್ದು ಇಲ್ಲೇ ಮೊಸರು ಮಾಡಕಾ?” ಎಂದು ಸಾಲಿನಲ್ಲಿದ್ದ ಬೊಮ್ಮನ್ ಕೂಗಿದ.

ಕೊನೆಗೆ ನಿಮಿಷ ಅವನತ್ತ ಕೈ ತೋರಿಸಿದರು. ದಾಮೋದರನ್ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಕೆಂಚಿಯನ್ನೂ ಬೋರಿಯನ್ನೂ ಅವುಗಳ ಜಾಗಕ್ಕೆ ಕಟ್ಟಿದ. ಯಂತ್ರ ಗುಂಯ್‌ಗುಟ್ಟಿತು, ಸಾಲು ಮುಂದೆ ಸರಿಯಿತು.

“ನೋಡಿದಿರಾ ಮೇಡಂ? ನಾನಿಲ್ಲದೆ ಇಲ್ಲಿ ಒಂದು ಲೋಟ ಹಾಲೂ ಅಳೆಯಲಾಗದು,” ಎಂದ, ಎದೆಯುಬ್ಬಿಸಿ.

ನಿಮಿಷ ಕಲ್ಪೆಟ್ಟಕ್ಕೆ ಫೋನ್ ಹಚ್ಚಿದರು. “ಇಲ್ಲ ಸರ್, ಇವರಿಲ್ಲದೆ ಇಲ್ಲಿ ನಡೆಯುವುದಿಲ್ಲ. ಬಾವಲಿ ಸಂಘದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಸುಧೀಷನ ಹೆಸರನ್ನೇ ಬರೆದುಕೊಳ್ಳಿ.”

ಅಂತೂ ಸುಧೀಷನ ಕೆಲಸ ಹೋಯಿತು, ಪಾಪ, ಅವನಿಗೆ ಇಷ್ಟು ಬುದ್ಧಿಯೆಲ್ಲಿ ಎಂದುಕೊಂಡು ದಾಮೋದರನ್ ಮೀಸೆಯಡಿಯಲ್ಲೇ ನಕ್ಕ.

“ಮನೆಯವರಿಗೆ ನೀವೇ ಸಮಾಧಾನ ಹೇಳಿ, ದಾಮೋದರೇಟ್ಟಾ,” ಎಂದರು ನಿಮಿಷ, ಫೋನ್ ಕೆಳಗಿಡುತ್ತ. “ನಿಮ್ಮ ಕಲ್ಪೆಟ್ಟದ ವರ್ಗಾವಣೆ ಮಂಜೂರಾಗಿತ್ತು, ನೀವಿಲ್ಲದೆ ಇಲ್ಲಿ ನಡೆಯುತ್ತದೆಯೇ ಎಂದು ನೋಡುವುದಷ್ಟೇ ಬಾಕಿಯಿತ್ತು.”