ಸದ್ದಿಲ್ಲದ ಬೈಕು

ಹರಿಪ್ರಸಾದ್ ಅಂಗಳಕ್ಕೆ ಬಂದು, ಬೈಕಿನಿಂದ ಇಳಿದು, ಹೆಲ್ಮೆಟ್ ತೆಗೆದರೂ ಒಳಗಿದ್ದವರಿಗೆ ಅವನು ಬಂದದ್ದು ಗೊತ್ತಾಗಲಿಲ್ಲ. ಮದುವೆಯಾದ ಇಪ್ಪತ್ತು ವರ್ಷಗಳಲ್ಲಿ ಇದೇ ಮೊದಲು. ಮೆಕ್ಯಾನಿಕ್ ಅಸ್ಕರ್ "ಒಂದು ವಾರ ಇಟ್ಟು ನೋಡಿ, ಮತ್ತೆ ಹೇಳಿ" ಎಂದು ಕೊಟ್ಟ ಹಗುರ ಎಲೆಕ್ಟ್ರಿಕ್ ಬೈಕು ಐವರ್ನಾಡಿನ ಆ ಕಡಿದಾದ ಏರನ್ನು ಉಸಿರೆತ್ತದೆ ಹತ್ತಿ ಬಂದಿತ್ತು. ಅವನ ಹಳೆಯ ಪೆಟ್ರೋಲ್ ಬೈಕಾದರೆ ಕೆಳಗೆ ತೋಡಿನ ಕಿರುಸೇತುವೆಯಾದ ಸಂಕ ದಾಟುವಾಗಲೇ ಇಡೀ ಗುಡ್ಡ ಗುಡುಗುತ್ತಿತ್ತು.

ಒಳಗೆ ಯಾರೋ ಜೋರಾಗಿ ನಗುತ್ತಿದ್ದರು. ನೆಂಟರು ಬಂದಿರಬೇಕೆಂದು ಮೆಟ್ಟಿಲ ಬಳಿ ನೋಡಿದ; ಹೊರಗಿನವರ ಚಪ್ಪಲಿ ಇರಲಿಲ್ಲ. ಕಿಟಕಿಯಲ್ಲಿ ಇಣುಕಿದರೆ, ಹೆಂಡತಿ ಹೇಮಶ್ರೀ ಅಡುಗೆ ಮನೆಯ ಬಾಗಿಲಿಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ. ಪಿಯುಸಿ ಓದುವ ಮಗಳು ದೀಪ್ತಿ ಹೆಗಲಿಗೆ ಅಪ್ಪನ ಮೈಯೊರೆಸುವ ಬೈರಾಸು ಹಾಕಿಕೊಂಡು, ಬಾಯಲ್ಲೇ 'ಡುಗು ಡುಗು' ಎನ್ನುತ್ತಾ ಚಾವಡಿಯುದ್ದಕ್ಕೂ ಬೈಕು ಬಿಟ್ಟಳು. ಅದನ್ನು ಸ್ಟ್ಯಾಂಡಿಗೆ ಹಾಕಿದಂತೆ ಮಾಡಿ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಎಂತ ಗಲಾಟೆ ಇದು? ಇದು ಮನೆಯಾ, ಸಂತೆಯಾ?"

ಅಚ್ಚು ಅವನದೇ ಮಾತು, ಅವನದೇ ಧಾಟಿ. ಬೆಳ್ಳಾರೆಯ ಅಂಗಡಿಯಲ್ಲಿ ರಬ್ಬರ್ ಶೀಟು ಮಾರಲು ತಂದವರೊಡನೆ ದಿನವಿಡೀ ಗಂಟಲು ಹರಿದುಕೊಂಡು ಬರುವವನಿಗೆ ಮನೆಯಲ್ಲಿ ಸದ್ದು ಕೇಳಿದರೆ ಆಗುತ್ತಿರಲಿಲ್ಲ, ನಿಜ. ಆದರೆ ಅವನು ಹಾಗೆ ಹೇಳಿ ಎಷ್ಟೋ ವರ್ಷವಾಗಿತ್ತು. ಹೇಳುವ ಅಗತ್ಯವೇ ಬಿದ್ದಿರಲಿಲ್ಲ. ಅವನು ಬರುವಾಗ ಮನೆ ಯಾವಾಗಲೂ ತಣ್ಣಗಿರುತ್ತಿತ್ತು, ಚಾ ಮೇಜಿನ ಮೇಲೆ ಇರುತ್ತಿತ್ತು. "ನಾನು ಸಂಕ ದಾಟುವಾಗಲೇ ಅಲ್ಲಿ ಚಾಕ್ಕೆ ನೀರು ಇಡ್ತಾರೆ ಮಾರಾಯ" ಎಂದು ಅಸ್ಕರನ ಮುಂದೆ ಎಷ್ಟು ಸಲ ಜಂಬ ಕೊಚ್ಚಿಕೊಂಡಿದ್ದನೋ. ತನಗಾಗಿ ಕಿವಿಗೊಟ್ಟು ಕಾಯುವವರಿದ್ದಾರೆ ಎಂದು ಒಳಗೊಳಗೇ ಹಿಗ್ಗಿದ್ದ.

ಅವನಿಗೆ ಸಿಟ್ಟು ಬರಲಿಲ್ಲ. ಹೇಮಶ್ರೀ ಹೀಗೂ ನಗುತ್ತಾಳೆ ಎಂಬುದೇ ಅವನಿಗೆ ಹೊಸತು. ತಾನೂ ಒಳಗೆ ಹೋಗಬೇಕು, ಸ್ಟ್ಯಾಂಡಿಗೆ ಹಾಕುವಾಗ ಒಮ್ಮೆ ಬೆನ್ನು ಹಿಡಿದುಕೊಳ್ಳುವುದನ್ನು ಬಿಟ್ಟಿದ್ದೀ ಎಂದು ಮಗಳಿಗೆ ಹೇಳಿಕೊಡಬೇಕು ಅನ್ನಿಸಿತು. ನಗುತ್ತಲೇ ಬಾಗಿಲು ದೂಡಿದ.

ಬೈರಾಸು ಹೆಗಲಿನಿಂದ ಇಳಿಯಿತು. ದೀಪ್ತಿ ಕೈಗೆ ಸಿಕ್ಕಿದ ಪುಸ್ತಕ ಎತ್ತಿಕೊಂಡಳು. ಹೇಮಶ್ರೀಯ ಮುಖ ಅವನಿಗೆ ಪರಿಚಯವಿದ್ದ ಮುಖವಾಯಿತು.

"ನೀವು ಬಂದದ್ದು ಗೊತ್ತೇ ಆಗ್ಲಿಲ್ಲ."

"ಇನ್ನೊಮ್ಮೆ ಮಾಡು" ಎನ್ನಬೇಕೆಂದು ಮಗಳ ಕಡೆ ತಿರುಗಿದ. ಆ ಮಾತಿಗೆ ಬಾಯಿ ಪಳಗಿರಲಿಲ್ಲ. "ಚಾ ಉಂಟಾ?" ಎಂದಷ್ಟೇ ಬಂತು.

ರಾತ್ರಿ ಊಟಕ್ಕೆ ಬಡಿಸುವಾಗ ಹೇಮಶ್ರೀಯೇ ಮಾತು ತೆಗೆದಳು.

"ಹಳೇ ಬೈಕು ಅಸ್ಕರನಿಗೆ ಕೊಡುದು ಬೇಡ ಅಲ್ಲ?"

"ಯಾಕೆ? ಅದು ಎರಡು ಕ್ವಿಂಟಲ್ ಹತ್ತಿರ ಉಂಟು. ಕಳೆದ ತಿಂಗಳು ಏರಿನಲ್ಲಿ ಬಿದ್ದಾಗ ಎತ್ತಲಿಕ್ಕೆ ಆಗದೆ ನಿಂತಿದ್ದೆ. ಇದನ್ನು ಒಂದು ಕೈಯಲ್ಲಿ ತಿರುಗಿಸಬಹುದು."

"ಅದು ಹೌದು," ಎಂದಳು ಅವಳು, ಸಾರಿನ ಸೌಟು ಕೈಯಲ್ಲೇ ಹಿಡಿದು. "ಆದ್ರೆ ಅದಾದ್ರೆ ನೀವು ಬರುದು ಮೊದಲೇ ಗೊತ್ತಾಗ್ತದೆ."

ನಿನ್ನೆಯಷ್ಟೇ ಈ ಮಾತು ಕೇಳಿದ್ದರೆ ಹರಿಪ್ರಸಾದನ ಹೊಟ್ಟೆ ತಂಪಾಗುತ್ತಿತ್ತು. ಈಗ ಉಳಿದ ಅನ್ನವನ್ನು ತಟ್ಟೆಯ ಅಂಚಿಗೆ ಸರಿಸಿ ಕೈ ತೊಳೆಯಲು ಎದ್ದ.

ವಾರ ಮುಗಿದ ದಿನ ಅಸ್ಕರ್ ಗ್ಯಾರೇಜಿನಲ್ಲಿ ಎರಡೂ ಬೈಕುಗಳನ್ನು ಅಕ್ಕಪಕ್ಕ ನಿಲ್ಲಿಸಿಕೊಂಡು ಕೇಳಿದ.

"ಎಂತ ಹರಿಯಣ್ಣ, ಯಾವುದು ಆಗ್ಬಹುದು?"

"ಎಳೆತ ಹಳೇದರದ್ದೇ. ಸುಬ್ರಹ್ಮಣ್ಯಕ್ಕೆ ಹೋಗಿ ಬರ್ಲಿಕ್ಕೆ ಅದೇ ಆಗ್ಬೇಕು. ಇದರಲ್ಲಿ ಚಾರ್ಜ್ ಎಷ್ಟು ಉಂಟು ಅಂತ ನೋಡ್ತಾ ಹೋಗ್ಬೇಕು."

"ಹಾಗಾದ್ರೆ ಹಳೇದೇ ಇರ್ಲಿ ಅಲ್ವಾ?"

"ಬೇಡ. ಇದೇ ಇರ್ಲಿ," ಎಂದ ಹರಿಪ್ರಸಾದ್. ಹ್ಯಾಂಡಲಿನ ಗುಂಡಿ ಒತ್ತಿ ನೋಡಿ, "ಇದರ ಹಾರ್ನ್ ಸಣ್ಣದಾಯ್ತು. ದೊಡ್ಡದೊಂದು ಹಾಕಿ ಕೊಡು," ಎಂದ.

"ಎಷ್ಟು ದೊಡ್ಡದು? ಬಸ್ಸಿನವರಿಗೆ ಕೇಳುವಷ್ಟಾ?"

"ಅಡುಗೆ ಮನೆಗೆ ಕೇಳಿದ್ರೆ ಸಾಕು."

ಅಂದಿನಿಂದ ಸಂಜೆ ಅವನು ಏರು ಹತ್ತಿ ಬಂದು, ಮನೆಗೆ ಒಂದು ತಿರುವು ಇರುವಾಗ ಹಲಸಿನ ಮರದ ಕೆಳಗೆ ಬೈಕು ನಿಲ್ಲಿಸುತ್ತಾನೆ. ಅಲ್ಲಿಗೆ ಎಲ್ಲ ಕೇಳಿಸುತ್ತದೆ. ದೀಪ್ತಿ ಕಾಲೇಜಿನ ಸುದ್ದಿ ಹೇಳುತ್ತಾಳೆ, ಹೇಮಶ್ರೀ ನಗುತ್ತಾಳೆ. ಒಮ್ಮೊಮ್ಮೆ 'ಡುಗು ಡುಗು' ಕೂಡ ಬರುತ್ತದೆ. ಆಗ ಮರದ ಕೆಳಗೆ ಅವನಿಗೂ ನಗು ತಡೆಯುವುದಿಲ್ಲ. ನಾಲ್ಕೈದು ನಿಮಿಷ ಹಾಗೆ ಅವರ ಜೊತೆ ಕೂತು, ಹೆಲ್ಮೆಟ್ ಸರಿ ಮಾಡಿಕೊಂಡು, ಉದ್ದಕ್ಕೆ ಒಂದು ಹಾರ್ನ್ ಹೊಡೆಯುತ್ತಾನೆ.

ಮನೆ ಸುಮ್ಮನಾಗುತ್ತದೆ. ಚಾದ ಪಾತ್ರೆ ಒಲೆಯ ಮೇಲೆ ಕೂತ ಸದ್ದು ಕೇಳಿದ ಮೇಲೆ, ಅವನು ಬೈಕು ಬಿಡುತ್ತಾನೆ.